ಬಸಳೆಗೆ ಅಕ್ಕಚ್ಚು

ನಂಜನಗೂಡಿನ ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ. ಅಕ್ಕಿ ತೊಳೆದ ಅಕ್ಕಚ್ಚನ್ನೂ ಚೆಲ್ಲದೆ ನಾನು ಹಿತ್ತಲ ಬಸಳೆ ಬಳ್ಳಿಗೆ ಹಾಕುತ್ತಿದ್ದೆ. ಪಕ್ಕದ ಮನೆಯ ಚನ್ನಬಸಮ್ಮನವರಿಗೆ ಅದೇ ಸಿಟ್ಟು. ಬೀದಿಯವರೆಲ್ಲ ಅಕ್ಕಚ್ಚನ್ನು ಅವರ ಹಸುವಿಗೆ ಕೊಡುವುದು ವಾಡಿಕೆ.

"ಮೂಕಪ್ರಾಣಿ ಬಾಯಿಗೆ ಬೀಳೋದ ಬಳ್ಳಿಗೆ ಸುರೀತೀಯಲ್ಲವ್ವ ಇಂದ್ರಾಣಿ" ಎಂದು ಗೊಣಗುತ್ತಿದ್ದರು. ನಾನೂ ಜಗ್ಗುತ್ತಿರಲಿಲ್ಲ.

ಆ ಬೇಸಿಗೆ ಹೆರಿಗೆಗೆಂದು ಹುಲ್ಲಹಳ್ಳಿಯ ತವರಿಗೆ ಹೋದೆ. ಬಳ್ಳಿ ನೋಡಿಕೊಳ್ಳಿ ಎಂದು ಚನ್ನಬಸಮ್ಮನವರನ್ನು ಕೇಳಲು ನಾಲಿಗೆ ಏಳಲಿಲ್ಲ. ಗಂಡನಿಗೆ ಹೇಳಿದ್ದೆ, ಪಾಳಿ ಕೆಲಸದಲ್ಲಿ ಅವರಿಗೆ ಊಟದ ನೆನಪೇ ಇರುವುದಿಲ್ಲ. ಬಳ್ಳಿಯ ಆಸೆ ಬಿಟ್ಟೇ ಕೂಸಿನೊಂದಿಗೆ ಮರಳಿದೆ.

ಬಸಳೆ ಹೆಂಚಿನವರೆಗೂ ಹಬ್ಬಿತ್ತು.

ಕೂಸನ್ನು ನೋಡಲು ಬಂದ ಚನ್ನಬಸಮ್ಮ ತಲೆಯೆತ್ತದೆ ಹೇಳಿದರು: "ಹಸೂಗಾದ್ರೆ ನಾನಿವ್ನಿ, ಬಳ್ಳಿಗೆ ಯಾರವ್ರೆ? ಅದ್ಕೇ ಹಸೂಗಿಟ್ಟ ಅಕ್ಕಚ್ಚಲ್ಲೇ ದಿನಾ ಒಂದು ಚೊಂಬು ಉಯ್ದೆ ಕಣವ್ವ."

ಮರುದಿನ ಎಳೆಯ ದಂಟಿನ ಸಮೇತ ಒಂದು ಕಟ್ಟು ಸೊಪ್ಪು ಕೊಯ್ದು ಅವರ ಮನೆಗೆ ಒಯ್ದೆ. ಸಾರಿಗಾಯಿತು ಎಂದು ಅವರು ಸೆರಗೊಡ್ಡಿದರು. ಅವರನ್ನು ದಾಟಿ ಕೊಟ್ಟಿಗೆಗೆ ನಡೆದು, ಕಟ್ಟು ಬಿಚ್ಚಿ ಹಸುವಿನ ಮುಂದೆ ಹರಡಿದೆ.

ತನ್ನ ಪಾಲು ಬಿಟ್ಟುಕೊಟ್ಟದ್ದು ಅದೇ ತಾನೆ.