ಪಕ್ಕದ ಸೀಟಿನ ಕಾಲು

ನಮ್ಮ ಬೀದಿಯಲ್ಲಿ ಮಕ್ಕಳಿಗೆ ಹದಿನೆಂಟು ತುಂಬಿದರೆ ಮನೆಗೆ ಮೊದಲು ಬರುವುದು ಬುದ್ಧಿಯಲ್ಲ, ಸಲೀಸಣ್ಣ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಬಾಯಲ್ಲಿ ಒಂದೇ ಮಾತು: "ಎಲ್ಲಾ ಸಲೀಸು!" ಅದಕ್ಕೇ ಆ ಹೆಸರು. ಅವನ ಡ್ರೈವಿಂಗ್ ಸ್ಕೂಲಿಗೆ ಹತ್ತು ದಿನ ಹೋಗಿ ಬಂದರೆ ಮುಗಿಯಿತು. ಪರೀಕ್ಷೆ ಬರೆಯುವುದು ಬೇಡ, ಟೆಸ್ಟಿನ ಮೈದಾನದ ಮುಖ ನೋಡುವುದು ಬೇಡ, ಲೈಸೆನ್ಸ್ ಕಾರ್ಡು ಬಾಗಿಲಿಗೇ ಬರುತ್ತದೆ. ಹೆತ್ತವರು ಅವನನ್ನು ಕುರ್ಚಿ ಹಾಕಿ ಕೂರಿಸಿ ಟೀ ಕೊಡುತ್ತಾರೆ. ನಮ್ಮ ಮನೆಯಲ್ಲೂ ಕೊಟ್ಟೆವು. ಸಕ್ಕರೆ ಜಾಸ್ತಿ ಹಾಕಿ ಕೊಟ್ಟೆವು.

ತಂಗಿಗೆ ಹದಿನೆಂಟಾಗಿ ಎರಡು ತಿಂಗಳಾಗಿತ್ತು. ಅಮ್ಮ ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ವ್ಯಾನ್ ಓಡಿಸುವ ಕೆಲಸ ಖಾಲಿಯಿತ್ತು. ಆಸ್ಪತ್ರೆ, ಲಾಡ್ಜುಗಳಿಂದ ಕೊಳೆ ಬಟ್ಟೆ ತರುವುದು, ಒಗೆದದ್ದನ್ನು ತಲುಪಿಸುವುದು. "ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದರೆ ಕೆಲಸ ನಿಂದೇ ಕಣಮ್ಮ" ಎಂದು ಮಾಲೀಕರು ಹೇಳಿದ್ದರು. ಉಳಿದದ್ದು ಹದಿನಾಲ್ಕು ದಿನ. ಸಲೀಸಣ್ಣನ ಸ್ಕೂಲಿನಲ್ಲಿ ಅವಳಿಗೆ ಎಂಟು ದಿನದ ಪಾಠ ಆಗಿತ್ತು.

ನಾನು ಕೆಲಸ ಮಾಡುವ ಗ್ಯಾರೇಜಿನಿಂದ ಊಟಕ್ಕೆ ಬಂದಾಗ ಅವನು ಫೈಲು ಬಿಚ್ಚಿ ಕೂತಿದ್ದ.

"ಇಲ್ಲೊಂದು ಸೈನ್ ಹಾಕಮ್ಮ. ಸೋಮವಾರ ಕಾರ್ಡು ಕೈಯಲ್ಲಿ. ಟೆಸ್ಟು, ಗಿಸ್ಟು ಎಲ್ಲಾ ನನಗೆ ಬಿಡು."

"ಸೈನ್ ಹಾಕ್ಬೇಡ" ಎಂದೆ.

ಅಪ್ಪ ತಲೆ ಎತ್ತಿದ. "ಯಾಕೋ?"

"ಟೈಲರ್ ಚಿಕ್ಕಮ್ಮನ ಕಾಲು ನೋಡಿಲ್ವಾ ನೀನು?"

ಟೈಲರ್ ಚಿಕ್ಕಮ್ಮ ನಮ್ಮ ಪಕ್ಕದ ಮನೆಯವಳು. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನಿನಲ್ಲಿ ಇಡೀ ಬೀದಿಗೆ ಬಟ್ಟೆ ಹೊಲಿಯುತ್ತಿದ್ದಳು. ಅವಳ ಮಗ ಉದ್ದಕ್ಕೆ, ಸಣ್ಣಗೆ ಇದ್ದುದಕ್ಕೆ ಅವನನ್ನು ಎಲ್ಲರೂ ಪೆನ್ಸಿಲ್ ಎಂದು ಕರೆಯುತ್ತಿದ್ದೆವು. ಹೋದ ವರ್ಷ ಅವನಿಗೂ ಸಲೀಸಣ್ಣನಿಂದ ಕಾರ್ಡು ಬಂತು. ಸೋದರಮಾವನ ಕಾರು ಕೇಳಿ ತಂದ. ತನ್ನಮ್ಮನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮೊದಲ ರೌಂಡು ಹೊರಟ. ಸರ್ಕಲ್ಲಿನ ಹತ್ತಿರ ಮುಂದಿದ್ದ ಲಾರಿ ನಿಂತಿತು. ಪೆನ್ಸಿಲ್ ನಿಲ್ಲಿಸಲಿಲ್ಲ. ಚಿಕ್ಕಮ್ಮ ಭಯಕ್ಕೆ ಎರಡೂ ಪಾದಗಳನ್ನು ಕಾರಿನ ನೆಲಕ್ಕೆ ಒತ್ತಿ ಹಿಡಿದಿದ್ದಳಂತೆ. ಎರಡೂ ಕಾಲಿನ ಗಿಣ್ಣು ಪುಡಿಯಾಯಿತು. ಈಗ ಬಚ್ಚಲಿಗೆ ಹೋಗಲೂ ಕೋಲು ಬೇಕು. ಮೆಷಿನ್ನಿನ ಮೇಲೆ ಒದ್ದೆ ಬಟ್ಟೆ ಒಣಗುತ್ತದೆ.

ಪೊಲೀಸರು ಕೇಳಿದಾಗ ಪೆನ್ಸಿಲ್ ಹೇಳಿದ್ದು ಒಂದೇ ಮಾತು. "ಯಾರಾದ್ರೂ ಬ್ರೇಕ್ ಹಾಕ್ತಾರೆ ಅಂದ್ಕೊಂಡೆ." ಹುಡುಗನಿಗೆ ತಲೆ ಕೆಟ್ಟಿದೆ ಎಂದು ಬೀದಿಯೆಲ್ಲ ಆಡಿಕೊಂಡಿತು.

ಸಲೀಸಣ್ಣ ಟೀ ಲೋಟ ಕೆಳಗಿಟ್ಟ. "ಅದು ಆ ಹುಡುಗನ ಗ್ರಹಚಾರ ಕಣಪ್ಪ. ಎಷ್ಟು ಜನಕ್ಕೆ ಕಾರ್ಡು ಮಾಡಿಸಿಕೊಟ್ಟಿಲ್ಲ ನಾನು? ಒಬ್ಬನ ಕೈ ತಪ್ಪಿದ್ರೆ ನನ್ನ ತಲೆಗೆ ಕಟ್ತೀಯಾ?"

"ತಪ್ಪಿದ್ದು ಕೈಯಲ್ಲ, ಕಾಲು."

ಅಪ್ಪನಿಗೆ ರೇಗಿತು. ಗೋದಾಮಿನಲ್ಲಿ ಮೂಟೆ ಹೊರುವವನು, ಮಾತನ್ನೂ ಎತ್ತಿ ಹಾಕುವುದು ಅವನ ಅಭ್ಯಾಸ. "ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದು ಬಂದ ಮಹಾನುಭಾವ ನೀನು. ಪರೀಕ್ಷೆ ಬರೀಬೇಕು, ಟೆಸ್ಟು ಕೊಡಬೇಕು ಅಂತ ನೀನು ಪಾಠ ಮಾಡ್ತೀಯಾ? ನಮ್ಮ ಕಾಲದಲ್ಲಿ ಯಾರು ಕಲಿಸಿದ್ರು? ನೀರಿಗೆ ಬಿದ್ದೋನು ಈಜು ಕಲೀತಾನೆ!"

"ಮುಳುಗಿದೋನ ಹತ್ರ ಕೇಳಿದ್ಯಾ ಅಪ್ಪ?"

ಅಮ್ಮ ಅಡುಗೆಮನೆಯಿಂದ ಬಂದು ನಡುವೆ ನಿಂತಳು. "ಜಗಳ ಸಾಕು. ಇವನು ಹೇಳೋದು ಏನು ಅಂತ ನೋಡ್ಕೊಂಡು ಬನ್ನಿ. ಆಮೇಲೆ ಸೈನ್ ಹಾಕಿದ್ರೆ ಆಯ್ತು. ಪೆನ್ನೇನು ಓಡಿಹೋಗಲ್ಲ."

ಮರುದಿನ ಬೆಳಿಗ್ಗೆ ಅಪ್ಪನನ್ನೂ ತಂಗಿಯನ್ನೂ ಗ್ಯಾರೇಜಿಗೆ ಕರೆದೊಯ್ದೆ. ಸಲೀಸಣ್ಣನ ಸ್ಕೂಲಿನ ಕಾರು ಸರ್ವೀಸಿಗೆ ಬಂದು ನಿಂತಿತ್ತು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವರು ಎಡವಿದರೆ ಕಲಿಸುವವರು ಒತ್ತಲಿ ಎಂದು. ಎರಡೂ ಕಡೆಯ ಬಾಗಿಲು ತೆರೆದೆ.

"ಬಗ್ಗಿ ನೋಡಪ್ಪ. ಇದು ಕಲಿಯೋರ ಬ್ರೇಕು."

ಪೆಡಲಿನ ಮೇಲಿನ ರಬ್ಬರು ಅಂಗಡಿಯಿಂದ ತಂದ ಹಾಗೇ ಇತ್ತು. ಗೆರೆ ಗೆರೆ ಎದ್ದು ಕಾಣುತ್ತಿತ್ತು.

"ಇದು ಕಲಿಸೋರ ಬ್ರೇಕು."

ಅಲ್ಲಿ ರಬ್ಬರು ಸವೆದು ಕಬ್ಬಿಣ ಫಳಫಳ ಹೊಳೆಯುತ್ತಿತ್ತು.

"ಈ ಕಡೆ ರಬ್ಬರು ನಾಲ್ಕು ತಿಂಗಳಿಗೊಮ್ಮೆ ಬದಲಾಯಿಸ್ತೀನಿ. ಆ ಕಡೇದು ಎರಡು ವರ್ಷದಿಂದ ಹಾಗೇ ಇದೆ. ಮಕ್ಕಳು ಸ್ಟೇರಿಂಗ್ ಹಿಡ್ಕೊಂಡು ಕೂತಿರ್ತಾರೆ ಅಷ್ಟೇ. ನಿಲ್ಲಿಸೋದು ಪಕ್ಕದೋನು. ಹತ್ತು ದಿನದಲ್ಲಿ ಕಲಿಸಿದೆ ಅಂತ ತೋರಿಸ್ಬೇಕಲ್ಲ!"

ಎರಡು ವರ್ಷದಿಂದ ನನಗೆ ಇದು ಗೊತ್ತಿತ್ತು. ರಬ್ಬರು ಬದಲಾಯಿಸಿ ಕೈ ಒರೆಸಿಕೊಂಡೆ, ಬಾಯಿ ಬಿಡಲಿಲ್ಲ. ಪೆನ್ಸಿಲ್ ಹತ್ತು ದಿನ ಕಲಿತದ್ದೂ ಇದೇ ಕಾರಿನಲ್ಲಿ. ಅವನ ತಲೆ ಕೆಟ್ಟಿರಲಿಲ್ಲ. ಅವನಿಗೆ ಕಲಿಸಿದ್ದೇ ಅಷ್ಟು. ಚಿಕ್ಕಮ್ಮನ ಮನೆಯ ಮುಂದೆ ಹಾದುಹೋಗುವಾಗ ನಾನು ಇವತ್ತಿಗೂ ಆ ಕಡೆ ನೋಡುವುದಿಲ್ಲ.

ಅಪ್ಪ ಮಾತ್ರ ಜಗ್ಗಲಿಲ್ಲ. "ಗುರು ಇದ್ದಾಗ ಗುರು ಒತ್ತುತ್ತಾನೆ. ಇಲ್ಲದಾಗ ಇವಳೇ ಒತ್ತುತ್ತಾಳೆ. ನನ್ನ ಮಗಳೇನು ದಡ್ಡಿಯಾ?"

"ದಡ್ಡಿ ಅಲ್ಲ ಯಜಮಾನ್ರೇ, ಅಭ್ಯಾಸ ಇಲ್ಲ" ಎಂದು ಹಿಂದಿನಿಂದ ದನಿ ಬಂತು. ಬಸ್ಸಕ್ಕ. ಇಪ್ಪತ್ತೈದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತಳಾದವಳು. ಈಗ ಒಂದು ಹಳೆಯ ಕಾರಿಟ್ಟುಕೊಂಡು ಮಕ್ಕಳಿಗೆ ಕಲಿಸುತ್ತಾಳೆ. ಬೇಗ ಮುಗಿಸುವುದಿಲ್ಲ ಎಂದು ಅವಳ ಹತ್ತಿರ ಜನ ಹೋಗುವುದು ಕಡಿಮೆ. ಅವತ್ತು ಟೈರಿಗೆ ಗಾಳಿ ಹಾಕಿಸಲು ಬಂದಿದ್ದಳು.

"ಮಗೂ, ಕಲಿಕಾ ಲೈಸೆನ್ಸ್ ಇದೆಯಾ?" ಎಂದು ತಂಗಿಯನ್ನು ಕೇಳಿದಳು.

"ಇದೆ ಅಕ್ಕ."

"ಪರೀಕ್ಷೆ ಯಾರು ಬರೆದ್ರು?"

ತಂಗಿ ಚಪ್ಪಲಿ ನೋಡಿಕೊಂಡಳು. "ಗೊತ್ತಿಲ್ಲ ಅಕ್ಕ. ಸಲೀಸಣ್ಣ ಯಾರ ಕೈಲೋ ಬರೆಸಿದ್ರು."

"ಎಂಟು ಮೂಲೆಯ ಕೆಂಪು ಬೋರ್ಡು ಕಂಡ್ರೆ ಏನು ಮಾಡ್ಬೇಕು?"

"ನಿಧಾನ ಮಾಡ್ಬೇಕಾ?"

"ನಿಲ್ಲಿಸ್ಬೇಕು ಕಣಮ್ಮ. ಪೂರ್ತಿ ನಿಲ್ಲಿಸ್ಬೇಕು. ಆ ಯಾರದ್ದೋ ಕೈಗೆ ಇದು ಗೊತ್ತಿತ್ತು. ಲೈಸೆನ್ಸ್ ಅವನಿಗೇ ಕೊಡ್ಲಿ!"

ನನಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ.

ಗ್ಯಾರೇಜಿನ ಹಿಂದೆ ಬೇಲಿ ಹಾಕಿದ ಖಾಲಿ ಜಾಗವಿದೆ, ನಮ್ಮ ಮಾಲೀಕರದ್ದೇ. ಬಸ್ಸಕ್ಕ ನನ್ನ ಕೈಯಿಂದ ಅಲ್ಲಿ ಹಳೆಯ ಟೈರುಗಳನ್ನು ಒಂದರ ಮೇಲೊಂದು ಎದೆಮಟ್ಟ ಅಡ್ಡಕ್ಕೆ ಇಡಿಸಿದಳು. ತಂಗಿಯನ್ನು ತನ್ನ ಕಾರಿನ ಸ್ಟೇರಿಂಗಿಗೆ ಕೂರಿಸಿ, ಅಪ್ಪನನ್ನು ಹಿಂದಿನ ಸೀಟಿಗೆ ಹತ್ತಿಸಿ, ಬೆಲ್ಟು ಹಾಕಿಸಿದಳು. ತಾನು ಪಕ್ಕದ ಸೀಟಿನಲ್ಲಿ ಕೂತು, ಚಪ್ಪಲಿ ಕಳಚಿ, ತನ್ನ ಕಡೆಯ ಬ್ರೇಕಿನಿಂದ ಎರಡೂ ಕಾಲು ಮೇಲೆತ್ತಿ ಚಕ್ಕಳಬಕ್ಕಳ ಹಾಕಿಕೊಂಡಳು. ಊಟಕ್ಕೆ ಕೂತ ಹಾಗೆ.

"ಇದೇನಕ್ಕ?" ಎಂದಳು ತಂಗಿ.

"ನನ್ನ ಹತ್ರ ಬರೋರಿಗೆಲ್ಲ ಮೊದಲ ದಿನ ಹೀಗೇ. ಹ್ಯಾಂಡ್‌ಬ್ರೇಕ್ ಮೇಲೆ ಕೈ ಇಟ್ಟಿರ್ತೀನಿ, ಹೆದರ್ಬೇಡ. ಒಂದನೇ ಗೇರು ಸಾಕು. ಟೈರಿಗಿಂತ ಮುಂಚೆ ನಿಲ್ಲಿಸು."

ಕಾರು ಎರಡು ಸಲ ಕುಲುಕಿ ಆಫ್ ಆಯಿತು. ಕ್ಲಚ್ಚು ಬಿಡುವುದೂ ತಂಗಿಗೆ ಬರುತ್ತಿರಲಿಲ್ಲ. ಮೂರನೇ ಸಲ ಹೊರಟಿತು. ನಡೆದುಹೋಗುವವನ ವೇಗ, ಅಷ್ಟೇ. ಟೈರು ಹತ್ತಿರ ಬಂತು. ಇನ್ನೂ ಹತ್ತಿರ. ಬೇಲಿಯ ಹೊರಗೆ ನಿಂತ ನನಗೆ ತಂಗಿಯ ಮುಖ ಕಾಣುತ್ತಿತ್ತು. ಅವಳು ಟೈರು ನೋಡುತ್ತಿರಲಿಲ್ಲ. ಬಸ್ಸಕ್ಕನ ಮಡಿಚಿದ ಕಾಲು ನೋಡುತ್ತಿದ್ದಳು.

"ಒತ್ತೇ! ಒತ್ತೇ!" ಎಂದು ಅಪ್ಪ ಕೂಗಿದ.

ಬಸ್ಸಕ್ಕ ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಕಾರು ಟೈರಿಗೆ ಮೂತಿ ಕೊಟ್ಟಿತ್ತು. ಮೇಲಿನ ಎರಡು ಟೈರು ಬಾನೆಟ್ಟಿನ ಮೇಲೆ ಬಿದ್ದವು. ಯಾರಿಗೂ ಏನೂ ಆಗಲಿಲ್ಲ.

ನಾನು ಓಡಿಹೋಗಿ ಹಿಂದಿನ ಬಾಗಿಲು ತೆಗೆದೆ. ಅಪ್ಪ ಇಳಿಯಲಿಲ್ಲ. ಅವನ ಎರಡೂ ಪಾದಗಳು ಮುಂದಿನ ಸೀಟಿನ ಕೆಳಗೆ ನೆಲಕ್ಕೆ ಕಚ್ಚಿಕೊಂಡಿದ್ದವು. ಬೆರಳು ಬಿಳಿಚಿದ್ದವು. ಅವನು ಅದನ್ನೇ ನೋಡುತ್ತಿದ್ದ.

"ಯಾಕೆ ಒತ್ತಲಿಲ್ಲ ಮಗಳೇ?" ಎಂದ.

"ಒತ್ತಬೇಕು ಅಂತ ಗೊತ್ತಿತ್ತಪ್ಪ" ಎಂದು ತಂಗಿ ಅಳುತ್ತ ಹೇಳಿದಳು. "ಅಕ್ಕ ಒತ್ತುತ್ತಾರೆ ಅಂದ್ಕೊಂಡೆ."

ಕಾರಿನಿಂದ ಇಳಿದು ಅಪ್ಪ ಬಸ್ಸಕ್ಕನನ್ನು ಕೇಳಿದ, "ಸರಿಯಾಗಿ ಕಲಿಯೋಕೆ ಎಷ್ಟು ದಿನ ಬೇಕು ತಾಯಿ?"

"ಎರಡು ತಿಂಗಳಂತೂ ಬೇಕು. ಮೊದಲಿಂದ ಶುರು. ಕಣ್ಣು ಪರೀಕ್ಷೆ ಮಾಡಿಸ್ಲಿ. ರಸ್ತೆ ಚಿಹ್ನೆಗಳ ಪುಸ್ತಕ ಓದಿ ಕಲಿಕಾ ಲೈಸೆನ್ಸಿನ ಪರೀಕ್ಷೆ ತಾನೇ ಬರೀಲಿ. ಆಮೇಲೆ ಎಲ್ ಬೋರ್ಡು ಹಾಕ್ಕೊಂಡು ರಸ್ತೆಗೆ. ಮಳೇಲೂ ಓಡಿಸ್ಬೇಕು, ಏರಲ್ಲೂ ನಿಲ್ಲಿಸಿ ಎತ್ತಬೇಕು, ಸ್ಕೂಲು ಬಿಡೋ ಹೊತ್ತಲ್ಲಿ ಮಕ್ಕಳ ಮಧ್ಯೆನೂ ಹೋಗ್ಬೇಕು. ನನ್ನ ಕಾಲಿಗೆ ಕೆಲಸ ಇಲ್ಲ ಅನ್ನಿಸಿದ ದಿನ ನಾನೇ ಟೆಸ್ಟಿಗೆ ಕಳಿಸ್ತೀನಿ."

"ಅಷ್ಟರಲ್ಲಿ ಆ ಕೆಲಸ..."

"ಹೋಗುತ್ತೆ. ಸುಳ್ಳು ಹೇಳಲ್ಲ ನಾನು."

ಸಂಜೆ ಅಪ್ಪ ತಾನೇ ಹೋಗಿ ಸಲೀಸಣ್ಣನಿಂದ ಅರ್ಜಿ ವಾಪಸ್ ತಂದ. "ಆತುರ ಬೇಡ ಯಜಮಾನ್ರೇ, ಬಂದ ಲಕ್ಷ್ಮೀನ ಒದೀತಿದ್ದೀರಿ" ಎಂದನಂತೆ ಅವನು. ಅಪ್ಪ ತಿರುಗಿ ಏನೆಂದ ಎಂದು ಇಲ್ಲಿ ಬರೆಯುವಂತಿಲ್ಲ. ಅಮ್ಮ ಕೇಳಿಸಿಕೊಂಡು, "ಇಷ್ಟಾದ್ರೂ ಬಂತಲ್ಲ ಬಾಯಲ್ಲಿ" ಎಂದಳು.

ಕೆಲಸ ಹೋಯಿತು. ತಿಂಗಳ ಕೊನೆಗೆ ಬೇರೊಬ್ಬ ಹುಡುಗ ಹೊಳೆಯುವ ಕಾರ್ಡು ಹಿಡಿದು ಬಂದ, ವ್ಯಾನಿನ ಕೀಲಿ ತೆಗೆದುಕೊಂಡ. ಆ ಕಾರ್ಡು ಮಾಡಿಸಿದ್ದು ಯಾರೆಂದು ಕೇಳಬೇಡಿ. ತಂಗಿ ಚಿಹ್ನೆಗಳ ಪುಸ್ತಕ ಓದಿದಳು, ಪರೀಕ್ಷೆ ತಾನೇ ಬರೆದಳು, ಎರಡು ತಿಂಗಳು ಬಸ್ಸಕ್ಕನ ಬೈಗುಳ ತಿಂದಳು. ಟೆಸ್ಟಿನ ದಿನ ಏರಿನಲ್ಲಿ ಕಾರು ಒಂದು ಮಾರು ಹಿಂದೆ ಜಾರಿತು. ಫೇಲು. ಬೀದಿಯವರು ನಕ್ಕರು. "ಎಲ್ಲರ ಮಕ್ಕಳಿಗೂ ಕಾರ್ಡಿದೆ, ನಿಮ್ಮವಳಿಗೇನು ಬಂತು?" ಎಂದರು. ಮತ್ತೆ ಮೂರು ವಾರ ಏರಿನಲ್ಲೇ ಅಭ್ಯಾಸ ಮಾಡಿ ಎರಡನೇ ಸಲ ಪಾಸಾದಳು. ಅವತ್ತು ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಮನೆಯವರೆಗೆ ಬಂದ. ದಾರಿಯಲ್ಲಿ ನಿದ್ದೆ ಮಾಡಿದ.

ಅವಳಿಗೆ ಇನ್ನೂ ಡ್ರೈವರ್ ಕೆಲಸ ಸಿಕ್ಕಿಲ್ಲ. ಅಮ್ಮನ ಜೊತೆ ಇಸ್ತ್ರಿ ಮಾಡುತ್ತಿದ್ದಾಳೆ. ಲಾಂಡ್ರಿಯ ವ್ಯಾನು ಆಗಲೇ ಎರಡು ಸಲ ಮುಂದಿನ ಬಂಪರು ಮುರಿದುಕೊಂಡು ನಮ್ಮ ಗ್ಯಾರೇಜಿಗೆ ಬಂದಿದೆ. ಲಾಂಡ್ರಿ ಮಾಲೀಕರು ಹೊಸ ಬಂಪರು ಹಾಕಿಸುತ್ತಾರೆ. ಹುಡುಗನನ್ನು ಕಲಿಯಲು ಕಳಿಸಿ ಎಂದು ಈ ಸಲ ನಾನು ಬಾಯಿಬಿಟ್ಟೇ ಹೇಳಿದೆ. "ನಿನ್ನ ಕೆಲಸ ನೀನು ನೋಡಪ್ಪ" ಎಂದರು. ನೋಡುತ್ತಿದ್ದೇನೆ. ಮೂರನೇ ಬಂಪರಿಗೆ ಕಾಯುತ್ತಿದ್ದೇನೆ, ಅದು ಬರೀ ಬಂಪರೇ ಆಗಿರಲಿ ಎಂದು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಆ ವಯಸ್ಸಿನ ಮಗನೋ ಮಗಳೋ ಇರಬಹುದು. ವಯಸ್ಸು ತುಂಬುವ ಮೊದಲು ಕೀಲಿ ಕೊಡಬೇಡಿ. ತುಂಬಿದ ಮೇಲೆ ಕಲಿಕಾ ಲೈಸೆನ್ಸಿನ ಪರೀಕ್ಷೆಯನ್ನು ಅವರ ಕೈಯಿಂದಲೇ ಬರೆಸಿ. ಹತ್ತು ದಿನದಲ್ಲಿ ಕಲಿಸುತ್ತೇನೆ ಎನ್ನುವವನ ಕಾರಿನ ಬಾಗಿಲು ತೆರೆದು, ನಾಚಿಕೆ ಬಿಟ್ಟು ಬಗ್ಗಿ, ಎರಡೂ ಬ್ರೇಕಿನ ರಬ್ಬರು ನೋಡಿ. ಟೆಸ್ಟಿಗೆ ನಿಮ್ಮ ಮಕ್ಕಳೇ ಹೋಗಲಿ. ಫೇಲಾದರೆ ಬೀದಿ ನಗುತ್ತದೆ, ನಗಲಿ. ಫೇಲಾದ ಮಕ್ಕಳು ಸಂಜೆ ಮನೆಗೆ ಬಂದು ಅಳುತ್ತಾರೆ. ಅಳಲಿ ಬಿಡಿ. ಮನೆಗೆ ಬಂದಿದ್ದಾರಲ್ಲ.