ನೀರಲ್ಲಿ ನಿಂತವನು

ಗುಂಡಿ ಮೊಣಕಾಲುದ್ದ ಇಳಿದಿತ್ತು. ಕೆಂಚೇಶ ಸನಿಕೆಯನ್ನು ಇನ್ನೊಮ್ಮೆ ಎತ್ತುವಷ್ಟರಲ್ಲಿ ಕ್ರೈಸ್ತ ಸಭೆಯ ಹಿರಿಯ ನಾಗೇಂದ್ರಪ್ಪ ಬಂದು, ತೋಡಿ ಹಾಕಿದ ಮಣ್ಣಿನ ಗುಡ್ಡೆಯ ಮೇಲೆ ನಿಂತ.

"ಸಾಕು. ಮೇಲೆ ಬಾ."

"ಇನ್ನೂ ಎರಡು ಮೊಳ ಐತಲ್ಲ ಮಾವ."

"ತೋಡಿದ್ದನ್ನೂ ಮುಚ್ಚು. ಇದು ಸಭೆಯ ಜಾಗ. ದೀಕ್ಷಾಸ್ನಾನ ಆದೋರಿಗೆ ಮಾತ್ರ ಅಂತ ಬರೆದು ಎಲ್ಲಾರೂ ಸಹಿ ಹಾಕಿದೀವಿ. ನೀನೂ ಹಾಕಿದೀಯ."

"ಏನು ಬರೆದೈತೆ ಅಂತ ಯಾರು ಓದಿದ್ರು? ಉಪ್ಪಿಟ್ಟು ಆರೋಗ್ತೈತೆ ಬೇಗ ಹಾಕ್ರೋ ಅಂದ್ರಿ, ಹಾಕ್ದೆ."

ನಾಗೇಂದ್ರಪ್ಪ ನಗಲಿಲ್ಲ. ಗುಂಡಿಯ ಎಡಕ್ಕೆ ಕರಿಬಸಮ್ಮನ ಸಮಾಧಿಯಿತ್ತು. ತಲೆದೆಸೆಯಲ್ಲಿ ಸಿಮೆಂಟಿನ ಸಣ್ಣ ಶಿಲುಬೆ. ಆರು ವರ್ಷದ ಹಿಂದೆ ಅವಳನ್ನು ಮಣ್ಣು ಮಾಡಿದ ದಿನ ಅವಳ ಗಂಡ ಚಿಕ್ಕಹನುಮಂತಪ್ಪ ಪಕ್ಕದಲ್ಲಿ ತನ್ನ ಮೈಯಗಲ ಜಾಗ ಬಿಟ್ಟು, ಎರಡು ಕಲ್ಲು ನೆಟ್ಟು, "ಇಲ್ಲಿ ಯಾರನ್ನೂ ಹಾಕಬ್ಯಾಡ್ರಪ್ಪ" ಎಂದಿದ್ದ. ಅವತ್ತು ಯಾರೂ ಆಗಲ್ಲ ಅಂದಿರಲಿಲ್ಲ. ಈಗ ಅದೇ ಚಿಕ್ಕಹನುಮಂತಪ್ಪ ಹಳ್ಳದಾಚೆಯ ಕೇರಿಯಲ್ಲಿ, ತನ್ನ ಮನೆಯ ಮುಂದಿನ ಬೆಂಚಿನ ಮೇಲೆ ಮಲಗಿದ್ದ. ಕೇರಿಯಲ್ಲಿ ಅವನನ್ನು ಪ್ರೀತಿಸದವರು ಇರಲಿಲ್ಲ. ಸಭೆಯ ಪುಸ್ತಕದಲ್ಲಿ ಅವನ ಹೆಸರೂ ಇರಲಿಲ್ಲ.

ಕೆಂಚೇಶ ಸನಿಕೆಯನ್ನು ಗುಂಡಿಯಲ್ಲೇ ನೆಟ್ಟು ಬಿಟ್ಟು, ಲುಂಗಿ ಮೇಲೆ ಕಟ್ಟಿಕೊಂಡು, ಸುದ್ದಿ ಹೇಳಲು ಹಳ್ಳಕ್ಕಿಳಿದ.

*

ಕೇರಿಯ ಮುದುಕಿ ದುರುಗಕ್ಕ ಹೆಣದ ಕಾಲ ಬಳಿ ಕೂತು ಹೆಬ್ಬೆರಳೆರಡನ್ನೂ ಸೇರಿಸಿ ದಾರ ಸುತ್ತುತ್ತಿದ್ದಳು.

"ನೋಡ್ರೇ ಪಾದಾನ. ಮೈಯೆಲ್ಲಾ ಕರ್ರಗೆ, ಪಾದ ಮಾತ್ರ ಸಾಹುಕಾರನ ಮಗನ್ವು. ಹೊಳೆನಾಗೆ ನಿಂತೂ ನಿಂತೂ ಹೆಂಗೆ ಬಿಳಚಿಕೊಂಡಾವೆ."

ಹೆಂಗಸರು ಅಳುತ್ತಲೇ ನಕ್ಕರು. ಮಗಳು ಸಂಧ್ಯಾರಾಣಿ ನಗಲಿಲ್ಲ. ಜಗಳೂರಿನಾಚೆ ಸೊಕ್ಕೆಯಲ್ಲಿ ಸರ್ಕಾರಿ ನರ್ಸು ಅವಳು; ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದು ತಲುಪಿದಾಗ ಅಪ್ಪನ ಕಣ್ಣನ್ನು ಬೇರೆಯವರು ಮುಚ್ಚಿಯಾಗಿತ್ತು. ಅಷ್ಟು ಜನರ ಕಣ್ಣು ಮುಚ್ಚಿದ ಕೈಗೆ ತನ್ನಪ್ಪನದು ಸಿಗಲಿಲ್ಲ.

ಕೆಂಚೇಶ ಸೊಂಟದ ತನಕ ಒದ್ದೆಯಾಗಿ ಬಂದು ನಿಂತು ವಿಷಯ ಹೇಳಿದ.

ದುರುಗಕ್ಕನ ಕೈಯ ದಾರ ನಿಂತಿತು. "ಯಾರು ಅಂದೋರು? ನಾಗೇಂದ್ರನಾ? ಬರಲಿ ಅವನು. ಮುಳುಗಿ ಸಾಯ್ತಿದ್ದ ಅವನ ಜುಟ್ಟು ಹಿಡಿದು ಎಳೆದು ತಂದ ಕೈ ಐತೆ ಇಲ್ಲಿ. ಮುಟ್ಟಿ ಹೇಳಲಿ."

*

ಸಂಧ್ಯಾರಾಣಿ ಚಿಕ್ಕವಳಾಗಿದ್ದಾಗಿನಿಂದಲೂ ಸಾಸ್ವೆಹಳ್ಳಿಯ ಹೊಳೆದಂಡೆಯಲ್ಲಿ ವರ್ಷಕ್ಕೆರಡು ಸಲ ದೀಕ್ಷಾಸ್ನಾನಕ್ಕೆ ಬಿಳಿ ಬಟ್ಟೆಯವರ ಸಾಲು ನಿಲ್ಲುತ್ತಿತ್ತು. ಚನ್ನಗಿರಿಯಿಂದ, ನ್ಯಾಮತಿಯಿಂದ, ಸವಳಂಗದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬುತ್ತಿ ಒಂದು ಕೈಯಲ್ಲಿ, ಒಣಬಟ್ಟೆಯ ಚೀಲ ಇನ್ನೊಂದರಲ್ಲಿ. ಹಾಡು ಶುರುವಾದರೆ ಆಚೆ ದಡದ ಕೊಕ್ಕರೆಗಳು ಏಳುತ್ತಿದ್ದವು. ಊರ ಕೆರೆಯ ಮೆಟ್ಟಿಲಿಳಿದರೆ ಬೆನ್ನಿಗೆ ಕಲ್ಲು ಬೀಳುತ್ತಿದ್ದ ಕಾಲ ಕಂಡವರು ಅವರು. ಬೊಗಸೆ ಒಡ್ಡಿ, ಮೇಲಿಂದ ಹೊಯ್ದ ನೀರು ಕುಡಿದವರು. ಅಂಥವರು ತುಂಬಿದ ಹೊಳೆಯ ನಡುವಿಗೆ ನಡೆದು, ತಲೆ ಮುಳುಗುವ ತನಕ ಇಳಿಯುವುದೆಂದರೆ ಕೆಲವರಿಗೆ ಇನ್ನೂ ನೀರು ಮುಟ್ಟುವ ಮೊದಲೇ ಮೈ ನಡುಗುತ್ತಿತ್ತು.

ಸಭೆಯ ಆಗಿನ ದೊಡ್ಡ ಪಾಸ್ಟರಿಗೆ ಈಜು ಬರುತ್ತಿರಲಿಲ್ಲ. ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಚಿಕ್ಕಹನುಮಂತಪ್ಪನನ್ನು ಅವರು ಮೊದಲು ಕರೆಸಿದ್ದು ಅದಕ್ಕೇ. ಹುಡುಗನಾಗಿದ್ದಾಗಿನಿಂದ ಹೊಳೆಯಲ್ಲಿ ಮೀನು ಹಿಡಿಯಲು ಬಿದಿರಿನ ಕೂಳಿ ಇಟ್ಟವನು, ಮುಳುಗಿದವರ ಹೆಣ ತೆಗೆದುಕೊಟ್ಟವನು. ಅವನು ಮೊದಲು ಇಳಿದು, ಪಾದದಲ್ಲೇ ತಳವನ್ನು ತಡವಿ, "ಇಲ್ಲಿಗೆ ಬರ್ರಿ, ಇದರಾಚೆಗೆ ಮಡು ಐತೆ" ಎಂದು ಗಳ ನೆಡುತ್ತಿದ್ದ. ಆಮೇಲೆ ಸೆಳವಿಗೆ ಬೆನ್ನು ಕೊಟ್ಟು ಅಲ್ಲೇ ನಿಲ್ಲುತ್ತಿದ್ದ, ಕೊನೆಯವರು ದಡ ಸೇರುವ ತನಕ. ಪಾಸ್ಟರು ಪ್ರಾರ್ಥನೆ ಹೇಳಿ ಹಿಂದಕ್ಕೆ ಬಾಗಿಸಿದವರ ಬೆನ್ನಿನಡಿ ನೀರೊಳಗೆ ಇನ್ನೊಂದು ಕೈ ಇರುತ್ತಿತ್ತು. ಮುಳುಗಿದವರಿಗೆ ಮಾತ್ರ ಅದು ಗೊತ್ತಾಗುತ್ತಿತ್ತು.

ಕರಿಬಸಮ್ಮ ಇಳಿದ ದಿನ ಒಂಬತ್ತು ವರ್ಷದ ಸಂಧ್ಯಾರಾಣಿ ಒಣಸೀರೆ ಹಿಡಿದು ದಡದಲ್ಲಿದ್ದಳು. ಅವ್ವ ನೀರಿಂದ ಎದ್ದವಳೇ ಹುಡುಗಿಯ ಹಾಗೆ ನಕ್ಕುಬಿಟ್ಟಳು. ಅವ್ವ ಅಷ್ಟು ಜೋರಾಗಿ ನಕ್ಕಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

ದೊಡ್ಡ ಪಾಸ್ಟರು ಹೇಳಿದರು, "ಹನುಮಂತಪ್ಪ, ಎದೆ ತನಕ ನೆಂದಿದ್ದೀಯ. ಇನ್ನು ತಲೆ ಒಂದೇ ಬಾಕಿ. ಬಾ."

"ನಾನು ಕೊನೇಗೆ, ಅಯ್ಯಾರೆ. ಹಿಡ್ಕಳಾಕೆ ಒಬ್ಬ ಬೇಕಲ್ಲ."

ಮನೆಗೆ ನಡೆಯುವಾಗ ಕರಿಬಸಮ್ಮ ಬಿಡಲಿಲ್ಲ. "ನಿಜ ಹೇಳು. ಯಾಕೆ ಒಲ್ಲೆ ಅಂದೆ?"

"ಇವಳು ಓದ್ತಾಳೆ. ಇವಳ ಸರ್ಟಿಫಿಕೇಟು ನನ್ನ ಜಾತಿ ಮ್ಯಾಲೆ ನಿಂತೈತೆ. ನೀರಿಗಿಳಿದ್ರೆ ಜಾತಿ ತೊಳೆದು ಹೋತು ಅಂತ ಸರ್ಕಾರ ನಂಬ್ತೈತೆ ಕಣೇ. ಹೋಟ್ಲಿನೋನು ನಂಬ್ತಾನಾ? ಊರು ನಂಬ್ತೈತಾ? ನೀನು ಇವತ್ತು ಮುಳುಗಿ ಬಂದೆ. ನಾಳೆ ಗೌಡರ ಮನೆಗೆ ಹೋಗು, ನಮಗೆ ಅಂತ ಬ್ಯಾರೆ ಇಟ್ಟ ಲೋಟ ಅದೇ ಜಂತೆನಾಗೇ ಇರ್ತೈತೆ."

"ಮುಳುಗಿದೋರೆಲ್ಲಾ ಕಾಗದದಾಗೆ ಹಿಂದಿನ ಜಾತೀನೇ ಬರೆಸ್ಯಾರೆ. ನೀನೂ ಬರೆಸು."

ಅವನು ಒದ್ದೆ ಪಂಚೆಯ ಅಂಚು ಹಿಂಡಿದ. "ಹೊಳೆನಾಗೆ ಹೌದು ಅಂದು, ಗುಮಾಸ್ತನ ಮುಂದೆ ಅಲ್ಲ ಅನ್ನಾಕೆ ನನ್ನ ಕೈಲಿ ಆಗಲ್ಲ. ದೇವ್ರು ಒಂದೇ ಬಾಯಿ ಕೊಟ್ಟವ್ನೆ."

ಅಂದಿನಿಂದ ಭಾನುವಾರ ಸಭೆಯಲ್ಲಿ ಅವನ ಜಾಗ ಹೊಸ್ತಿಲ ಹೊರಗೆ, ಚಪ್ಪಲಿಗಳ ಪಕ್ಕ. ದೀಕ್ಷೆಯಾದವರಿಗಷ್ಟೇ ಸಲ್ಲುವ ಪ್ರಭುಭೋಜನದ ರೊಟ್ಟಿ ಮುರಿಯುವ ಹೊತ್ತಿಗೆ ಯಾರೂ ಹೇಳದೆಯೇ ಎದ್ದು ಬೇವಿನ ಮರದಡಿ ಹೋಗಿ ನಿಲ್ಲುತ್ತಿದ್ದ. ಇಪ್ಪತ್ತೇಳು ವರ್ಷ. ಆ ಇಪ್ಪತ್ತೇಳು ವರ್ಷದಲ್ಲಿ ಕೇರಿಯಲ್ಲಿ ಯಾರಿಗೆ ಜ್ವರ ಬಂದರೂ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೊನ್ನಾಳಿಗೆ ತುಳಿದವನು ಅವನೇ.

*

ನಾಗೇಂದ್ರಪ್ಪ ಬಂದ. ಜೊತೆಗೆ ಪಾಸ್ಟರ್ ಭೀಮೇಶ್, ಮೂವತ್ತು ದಾಟದ ಸವಳಂಗದ ಹುಡುಗ, ಬೈಬಲನ್ನು ಎದೆಗೆ ಒತ್ತಿಕೊಂಡು ಯಾರ ಮುಖವನ್ನೂ ನೋಡದೆ ನಿಂತ.

"ನಾನು ಕಲ್ಲಲ್ಲ ಕಣವ್ವ ಸಂಧ್ಯಾ," ಎಂದ ನಾಗೇಂದ್ರಪ್ಪ. "ಆ ಅರ್ಧ ಎಕರೆಗೆ ಹನ್ನೊಂದು ವರ್ಷ ಅರ್ಜಿ ಕೊಟ್ಟು ಚಪ್ಪಲಿ ಸವೆಸಿದೀನಿ. ಗದ್ದೆ ಧಣಿ ದಾರಿಗೆ ತಂತಿ ಬಿಗಿದ. ಇವತ್ತಿಗೂ ನಮ್ಮ ಹೆಣ ಹಳ್ಳದ ನೀರಾಗೇ ಹೋಗ್ತಾವೆ. ಅವನು ಕಾಯ್ತಾ ಕೂತವ್ನೆ. ಕ್ರೈಸ್ತರಲ್ಲದೋರನ್ನ ಹೂಳಿದ್ರು, ಜಾಗ ಸುಳ್ಳು ಹೇಳಿ ತಗಂಡವ್ರೆ ಅಂತ ಒಂದು ಕಾಗದ ಹಾಕಿದ್ರೆ ಸಾಕು. ಹೊಳೆದಂಡೆನಾಗೆ ನಾವು ಮೊದ್ಲು ಹೂಳ್ತಿದ್ದ ಹಳೇ ಜಾಗ ಐತೆ. ನಾನೇ ನಿಂತು ಮಾಡಿಸ್ತೀನಿ."

"ಅವ್ವನ ಪಕ್ಕ," ಎಂದಳು ಸಂಧ್ಯಾರಾಣಿ. "ಬೇರೆ ಏನೂ ಬ್ಯಾಡ. ಅವ್ವನ ಪಕ್ಕ."

ದುರುಗಕ್ಕ ಎದ್ದು ಸೆರಗು ಸಿಕ್ಕಿಸಿದಳು. "ಲೇ ನಾಗೇಂದ್ರ, ಕಾಗದದ ಮಾತೆತ್ತಿದೆಯಲ್ಲ, ನಿನ್ನ ಮಗನ ಸರ್ಟಿಫಿಕೇಟ್ನಾಗೆ ಏನೈತೆ ಓದಿ ಹೇಳು ಬಾ. ನನ್ನ ಮೊಮ್ಮಗಂದೂ ಹೇಳ್ತೀನಿ. ನಾವೆಲ್ಲಾ ನೀರಾಗೆ ಮುಳುಗಿ ಬಂದು ಕಾಗದದಾಗೆ ಒಣಗಿಕೊಂಡೇ ಇರೋರು. ಇಳಿಯಾಕೆ ಹೆದರಿ ನಿಂತೋನಲ್ಲ ಇವನು. ಇಳಿದ ಮ್ಯಾಲೆ ಸುಳ್ಳು ಹೇಳಬೇಕಾಗ್ತೈತಲ್ಲ ಅಂತ ನಿಂತೋನು. ನಮ್ಮೆಲ್ಲರಿಗಿಂತ ಇವನಿಗೇ ಆ ನೀರಿನ ಮ್ಯಾಲೆ ಭಯ ಭಕ್ತಿ ಇತ್ತು."

"ಅತ್ತೆ, ಮೆಲ್ಲಗೆ," ಎಂದ ಭೀಮೇಶ್.

"ನೀನು ಸುಮ್ಕಿರಪ್ಪ ಪಾಸ್ಟರೆ. ನಿನ್ನ ಮುಳುಗಿಸುವಾಗ ಅಯ್ಯಪ್ಪಾ ಅಂತ ಇವನ ಕುತ್ತಿಗೆಗೆ ಜೋತುಬಿದ್ದಿದ್ದು ದಡದಾಗೆ ನಿಂತು ನಾನೇ ನೋಡಿದೀನಿ."

ಭೀಮೇಶನ ಮುಖ ಕೆಂಪಾಯಿತು. ನಾಗೇಂದ್ರಪ್ಪ ಮಾತ್ರ ಅಲ್ಲಾಡಲಿಲ್ಲ. "ಕೇಳಬಹುದಿತ್ತಲ್ಲ. ಮಗಳ ಓದಾತು, ನೌಕರಿ ಆತು. ಆಮ್ಯಾಲಾದ್ರೂ ಬಂದು ನನ್ನ ಮುಳುಗಿಸ್ರಿ ಅಂತ ಒಂದು ಮಾತು ಕೇಳಿದ್ನಾ?"

"ಕೇಳಿದ," ಎಂದಳು ಸಂಧ್ಯಾರಾಣಿ.

ಕೇರಿ ಅವಳ ಕಡೆ ತಿರುಗಿತು.

"ನನ್ನ ಕೇಳಿದ. ಹೋದ ವರ್ಷ. ಸೊಕ್ಕೆಗೆ ಬಂದಿದ್ದ, ಕರಿದ ಮೀನು ಕಟ್ಟಿಕೊಂಡು. ಊಟ ಆದ್ಮೇಲೆ ಕೈ ಒರೆಸ್ಕೊಳ್ತಾ, 'ಯವ್ವಾ, ಈಗ ನಾನು ಇಳೀಲೇನು?' ಅಂದ. ಎಲ್ಲಿಗೋ ಊರಿಗೆ ಹೋಗಿ ಬರ್ತೀನಿ ಅನ್ನೋ ಹಂಗೆ." ಅವಳು ಅಪ್ಪನ ಎದೆಯ ಮೇಲಿನ ಸೇವಂತಿಗೆಯೊಂದನ್ನು ಸರಿಮಾಡಿದಳು. "ನಾನು, ಸ್ವಲ್ಪ ತಡಿ ಅಪ್ಪ ಅಂದೆ. ಪ್ರಮೋಷನ್ ಪಟ್ಟಿ ಬರೋದೈತೆ, ಯಾರಾದ್ರೂ ಮೂಗರ್ಜಿ ಹಾಕಿದ್ರೆ ಕಷ್ಟ, ಆಮ್ಯಾಲೆ ನೋಡಾಣ ಅಂದೆ. 'ಆಗಲಿ ಬುಡವ್ವ, ಹೊಳೆ ಎಲ್ಲಿಗೂ ಓಡೋಗಲ್ಲ' ಅಂದ. ಪಟ್ಟಿ ಇನ್ನೂ ಬಂದಿಲ್ಲ."

ಬೆಂಚಿನಡಿ ಇಟ್ಟ ಊದುಬತ್ತಿಯ ಬೂದಿ ಮುರಿದು ಬಿತ್ತು.

"ಅವನಿಗೆ ಬಾಗಿಲು ಹಾಕಿದೋಳು ನಾನು ಮಾವ. ನೀವು ಇನ್ನೊಂದ್ಸಲ ಹಾಕಬ್ಯಾಡ್ರಿ."

ನಾಗೇಂದ್ರಪ್ಪ ನೆಲ ನೋಡಿದ. "ಸತ್ತೋರಿಗೆ ಸ್ನಾನ ಕೊಡೋ ಪದ್ಧತಿ ನಮ್ಮಲ್ಲಿ ಇಲ್ಲವ್ವ. ಪಾಸ್ಟರನ್ನ ಕೇಳು," ಎಂದ.

"ಇಲ್ಲ," ಎಂದ ಭೀಮೇಶ್. ಅಷ್ಟು ಹೇಳುವುದಕ್ಕೆ ಅವನಿಗೆ ಎರಡು ಸಲ ಬಾಯಿ ತೆರೆಯಬೇಕಾಯಿತು.

"ಬಿಸಿಲೇರ್ತೈತೆ," ಎಂದ ಕೆಂಚೇಶ, ಯಾರಿಗೂ ಅಲ್ಲವೆಂಬಂತೆ. "ಹಳ್ಳಾನಂತೂ ದಾಟಣ. ಹೊಳೆದಂಡೆಗೂ ಆ ದಡದಿಂದಲೇ ದಾರಿ. ಎಡಕ್ಕೋ ಬಲಕ್ಕೋ ಅಲ್ಲಿ ಹೇಳ್ರಿ. ಎತ್ರಿ ಮೊದ್ಲು."

*

ತಂತಿ ಬೇಲಿಯ ಆಚೆ ಧಣಿಯ ಗದ್ದೆಯ ಬದುವಿನ ಮೇಲೆ ಒಣಗಿದ, ಅಗಲವಾದ, ಟ್ರ್ಯಾಕ್ಟರು ಓಡಾಡುವ ದಾರಿ ಖಾಲಿ ಬಿದ್ದಿತ್ತು. ಅದರ ಪಕ್ಕದಲ್ಲೇ ಮೆರವಣಿಗೆ ನೀರಿಗಿಳಿಯಿತು. ಹೋದ ವಾರದ ಮಳೆಗೆ ಹಳ್ಳ ಸೊಂಟದ ತನಕ ಬಂದಿತ್ತು. ಮುಂದೆ ಎಡಕ್ಕೆ ಕೆಂಚೇಶ, ಬಲಕ್ಕೆ ಸಂಧ್ಯಾರಾಣಿ. ಹೆಂಗಸರು ಹೆಗಲು ಕೊಡಬಾರದೆಂದು ಒಬ್ಬ ಮುದುಕ ಅಂದದ್ದಕ್ಕೆ ದುರುಗಕ್ಕ, "ನೀನು ಕೊಡ್ತೀಯಾ ಹಂಗಾದ್ರೆ?" ಎಂದಿದ್ದಳು, ಮುದುಕ ಹಿಂದೆ ಸರಿದಿದ್ದ. ಹಿಂದಿನ ಇಬ್ಬರು ಸಭೆಯ ಗಂಡಸರೇ. ಭೀಮೇಶ್ ಚಟ್ಟದ ಪಕ್ಕದಲ್ಲಿ, ಬೈಬಲನ್ನು ತಲೆಯ ಮೇಲಿಟ್ಟುಕೊಂಡು ನಡೆಯುತ್ತಿದ್ದ. ನಾಗೇಂದ್ರಪ್ಪ ಮೊದಲೇ ದಾಟಿ ಆಚೆ ದಡದಲ್ಲಿ, ಸಮಾಧಿ ಜಾಗದ ಗೇಟಿನ ಮುಂದೆ ನಿಂತಿದ್ದ.

ನಡುನೀರಿನಲ್ಲಿ ಕೆಂಚೇಶ ನಿಂತ. ಉಳಿದವರೂ ನಿಂತರು.

"ಯಾಕ್ರೋ?" ನಾಗೇಂದ್ರಪ್ಪ ದಡದಿಂದ ಕೂಗಿದ.

"ಕಾಲು ಜಾರ್ತೈತೆ ಮಾವ."

"ಅಲ್ಲಿ ಮರಳೈತಲ್ಲೋ, ಹೆಂಗೆ ಜಾರ್ತೈತೆ?"

"ಜಾರ್ತೈತೆ," ಎಂದ ಹಿಂದಿನವನೊಬ್ಬ.

"ನಂದೂ," ಎಂದ ಇನ್ನೊಬ್ಬ.

ಕೆಂಚೇಶ ಸಂಧ್ಯಾರಾಣಿಯ ಕಡೆ ನೋಡಿದ. ಅವಳು ತುಟಿ ಕಚ್ಚಿಕೊಂಡು ತಲೆಯಾಡಿಸಿದಳು. ನಾಲ್ವರೂ ಒಟ್ಟಿಗೆ, ಮೆಲ್ಲಗೆ, ಹೆಗಲು ಮುಳುಗುವ ತನಕ ಮೊಣಕಾಲು ಬಗ್ಗಿಸಿದರು. ನೀರು ಬಿದಿರಿಗೆ ತಾಕಿತು, ಬಿಳಿ ಬಟ್ಟೆ ಏರಿತು, ಎದೆಯ ಮೇಲಿನ ಸೇವಂತಿಗೆಗಳು ಒಂದೊಂದಾಗಿ ಬಿಡಿಸಿಕೊಂಡು ತೇಲಿದವು. ಭೀಮೇಶ್ ಬೈಬಲನ್ನು ಪಕ್ಕದವನ ಕೈಗೆ ಕೊಟ್ಟ. ಅವನ ಕೈಗಳೆರಡೂ ನೀರಿನಡಿ ಹೋದವು. ಚಿಕ್ಕಹನುಮಂತಪ್ಪನ ಮುಖ ಒಂದು ಗಳಿಗೆ ಕಾಣಲಿಲ್ಲ.

ಪಾಸ್ಟರನ ತುಟಿ ಅಲುಗಿದ್ದನ್ನು ನಾಗೇಂದ್ರಪ್ಪ ಕಂಡ.

"ಏನಂದ್ರಿ ಪಾಸ್ಟರೆ?"

"ಏನಿಲ್ಲ ಹಿರಿಯರೆ. ಹುಷಾರು ಅಂದೆ."

ಎದ್ದರು. ಚಟ್ಟದಿಂದ ನೀರು ಸುರಿಯಿತು. ಸಂಧ್ಯಾರಾಣಿಯ ಜಡೆ, ಕೆಂಚೇಶನ ಮೀಸೆ, ಭೀಮೇಶನ ಇಸ್ತ್ರಿ ಮಾಡಿದ ಬಿಳಿ ಅಂಗಿ ಎಲ್ಲವೂ ತೊಟ್ಟಿಕ್ಕುತ್ತಿದ್ದವು. ದಡ ಹತ್ತುವ ಕಡೆ ನಿಜವಾಗಿಯೂ ಜಾರುತ್ತಿತ್ತು. ಸಂಧ್ಯಾರಾಣಿಯ ಹೆಗಲು ಕುಸಿದಾಗ ನಾಗೇಂದ್ರಪ್ಪ ಎರಡು ಹೆಜ್ಜೆ ಕೆಳಗಿಳಿದು ಬಿದಿರಿಗೆ ಕೈ ಹಾಕಿದ. ಪಂಚೆ ನೆನೆಯಿತು. ಬಿಡಲಿಲ್ಲ.

ಮೇಲೆ ದಾರಿ ಎರಡಾಗಿತ್ತು. ಎಡಕ್ಕೆ ಹೊಳೆದಂಡೆ, ಬಲಕ್ಕೆ ಗೇಟು. ಯಾರೂ ಕೇಳಲಿಲ್ಲ, ನಾಗೇಂದ್ರಪ್ಪನೂ ಹೇಳಲಿಲ್ಲ. ಬಿದಿರು ಹಿಡಿದ ಕೈಯನ್ನು ಹಾಗೇ ಇಟ್ಟು, ಇನ್ನೊಂದು ಕೈಯಿಂದ ಗೇಟಿನ ಚಿಲಕವನ್ನು ತಡಕಾಡಿದ.

ಎಲ್ಲರೂ ಒಳಗೆ ಹೋದ ಮೇಲೆ ಬಿಸಿಲಿನ ಕೆಂಪು ಧೂಳಿನ ಮೇಲೆ ಹಳ್ಳದ ಅಂಚಿನಿಂದ ಒಂದು ಒದ್ದೆ ಗೆರೆ ಎದ್ದು, ಗೇಟನ್ನು ದಾಟಿ, ಕರಿಬಸಮ್ಮನ ಶಿಲುಬೆಯ ತನಕ ಹೋಗಿತ್ತು. ಯಾವ ಹನಿ ಹೊತ್ತವರದು, ಯಾವುದು ಮಲಗಿದವನದು, ಮಣ್ಣಿಗೆ ತಿಳಿಯುವಂತಿರಲಿಲ್ಲ.