ಎಣಿಕೆ ಮತ್ತೆ ಒಂದರಿಂದ

ಭಾನುವಾರ ಬೆಳಗ್ಗೆ ವಾಸ್ಕೋದ ಮಂದಿಯೆಲ್ಲ ಚರ್ಚಿಗೋ ಮೀನು ಮಾರ್ಕೆಟ್ಟಿಗೋ ಹೊರಟರೆ, ಕಾಲೇಜಿನ ಒಂದಿಷ್ಟು ಹುಡುಗರು ಮಾತ್ರ ಗುಡ್ಡದ ಮೇಲಿನ ಕೆಂಪುಕಲ್ಲಿನ ಬಯಲಿಗೆ ಬಂದು ಮೊಣಕೈ ಸುಲಿಸಿಕೊಳ್ಳುತ್ತಿದ್ದರು. ಎಲ್ಲರಿಗೂ ಒಂದೇ ಹುಚ್ಚು, ಸೈನ್ಯದಲ್ಲಿ ಅಧಿಕಾರಿಯಾಗಬೇಕು. ತರಬೇತಿ ಕೊಡುವವರು ಧಾರವಾಡದ ಕಡೆಯ ನಿವೃತ್ತ ಕ್ಯಾಪ್ಟನ್ ಆನಂದತೀರ್ಥ. ಬಿಡಿಗಾಸು ಮುಟ್ಟದ ಮನುಷ್ಯ. ಅವರ ಕೈಯಲ್ಲಿ ಪಳಗಿದ ಇಬ್ಬರು ಆಗಲೇ ಹೆಗಲ ಮೇಲೆ ನಕ್ಷತ್ರ ಹೊತ್ತಿದ್ದರು. ಹಾಗಾಗಿ ಅವರ ಮಾತೆಂದರೆ ಹುಡುಗರಿಗೆ ವೇದವಾಕ್ಯ.

ಆ ದಿನ ಹಾವಿನ ಓಟವಿತ್ತು. ತಾಡಪತ್ರಿಯೊಳಗೆ ತೆಂಗಿನ ನಾರು ತುಂಬಿ ಹೊಲಿದ ಉದ್ದನೆಯ ‘ಹಾವ’ನ್ನು ಇಡೀ ತಂಡ ಹೆಗಲ ಮೇಲೆ ಹೊತ್ತುಕೊಂಡು ಗೋಡೆ ಹತ್ತಿ, ಹಳ್ಳ ಹಾರಿ ಓಡಬೇಕು. ಒಬ್ಬ ಹಿಂದೆ ಬಿದ್ದರೆ ಎಲ್ಲರೂ ಸೋತ ಲೆಕ್ಕ. ಹುಡುಗರಲ್ಲೆಲ್ಲ ಹಿರಿಯನಾದ ಗುರುಲಿಂಗನ ತಂಡ ಸೋತಿತು. ಬಿ.ಕಾಂ. ಮೊದಲ ವರ್ಷದ ಬಂಡು ಗೋಡೆ ಹತ್ತಲಾರದೆ ಪದೇ ಪದೇ ಜಾರಿ, ಕೊನೆಗೆ ಹಾವನ್ನೂ ಎಳೆದುಕೊಂಡು ನೆಲಕ್ಕೆ ಬಿದ್ದಿದ್ದ.

ಕ್ಯಾಪ್ಟನ್ನರು ಫ್ಲಾಸ್ಕ್ ತೆಗೆದುಕೊಂಡರು. “ಗುರುಲಿಂಗ, ನಾ ಒಂಚೂರು ಚಹಾ ಕುಡೀತೀನಪಾ” ಎಂದು ಸಮುದ್ರದ ಕಡೆ ತಿರುಗಿ ನಿಂತರು.

ಅಷ್ಟೇ. ಅದು ಅಪ್ಪಣೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಿರಿಯ ಹುಡುಗ ಸೊಂಟದ ಪಟ್ಟಾ ಬಿಚ್ಚಬೇಕು, ಸೋತವನು ಬೆನ್ನು ಕೊಡಬೇಕು. ಏಟು ತಿನ್ನುವವನು ಬಾಯಿ ಬಿಡಬಾರದು. ಬಿಟ್ಟರೆ ಎಣಿಕೆ ಮತ್ತೆ ಒಂದರಿಂದ. ಮನೆಯಲ್ಲಿ ಕೇಳಿದರೆ ಗೋಡೆಯಿಂದ ಬಿದ್ದೆ ಎನ್ನಬೇಕು. ಹೀಗೆ ಹದಗೊಳ್ಳದವನು ಅಧಿಕಾರಿಯಾಗುವುದಿಲ್ಲವಂತೆ! ಯಾವ ಪುಣ್ಯಾತ್ಮ ಹೇಳಿದನೋ, ಕೇಳಿದವರು ಯಾರೂ ಇಲ್ಲ.

ಗುರುಲಿಂಗನ ಕೈ ಆ ದಿನ ಬಿರುಸಾಗಿತ್ತು. ಮಂಗಳವಾರ ಬೆಂಗಳೂರಿನಲ್ಲಿ ಅವನ ಆಯ್ಕೆ ಪರೀಕ್ಷೆ ಶುರುವಾಗುವುದಿತ್ತು. ಅದಕ್ಕಾಗಿ ಅವನು ಎಷ್ಟು ವರ್ಷ ಹಲ್ಲು ಕಚ್ಚಿದ್ದ! ಅವನಪ್ಪ ಹೊಳೆಪ್ಪ ಬಂದರಿನಲ್ಲಿ ಅದಿರು ತುಂಬುವ ಕೂಲಿ. ಶಾಲೆಯ ದಿನಗಳಲ್ಲಿ ಒಮ್ಮೆ ಬುತ್ತಿ ಕೊಡಲು ಹೋದ ಗುರುಲಿಂಗ, ಅದಿರಿನ ಬುಟ್ಟಿ ಚೆಲ್ಲಿದ್ದಕ್ಕೆ ಕೂಲಿಗಳ ಮೇಲ್ವಿಚಾರಕ ಮುಕಾದಮ ಅಪ್ಪನನ್ನು ಎಲ್ಲರೆದುರು ಬೆತ್ತದಿಂದ ಬಾರಿಸಿದ್ದನ್ನು ಕಣ್ಣಾರೆ ಕಂಡಿದ್ದ. ಸಂಜೆ ಅಪ್ಪ ಬೈನಾದ ತಗಡಿನ ಮನೆಗೆ ಬಂದು, “ಏಣಿ ಮ್ಯಾಲಿಂದ ಜಾರಿದೆ” ಎಂದು ಅವ್ವನಿಗೆ ಹೇಳಿದ. ಹುಡುಗ ತುಟಿ ಬಿಚ್ಚಲಿಲ್ಲ. ಯಾರೂ ಕೈ ಎತ್ತಲಾಗದಂಥ ಸಾಹೇಬನಾಗಬೇಕು ಎಂದು ಆವತ್ತೇ ನಿಶ್ಚಯಿಸಿದ.

“ಒಂದು!” ಗುರುಲಿಂಗ ಪಟ್ಟಾ ಬೀಸಿದ. “ಯುದ್ಧದಾಗ ಆಗಿದ್ರ ನಿನ್ನ ಸಲುವಾಗಿ ಎಲ್ಲಾರೂ ಸಾಯ್ತಿದ್ರಲೇ! ಎರಡು!”

“ಅವ್ವಾ...”

“ಒಂದು!”

ರಕ್ತಕ್ಕೆ ಅಂಗಿ ಬೆನ್ನಿಗೆ ಅಂಟಿತು. ಬಂಡು ತಿರುಗಿ ಅವನ ಕಾಲು ಹಿಡಿದುಕೊಂಡ. “ಹೊಡದ್ರ ಗ್ವಾಡಿ ಹತ್ಲಿಕ್ಕೆ ಬರ್ತದೇನ ಅಣ್ಣಾ? ಹತ್ತೋದು ಕಲಸು, ಕಲೀತೀನಿ!”

ಆ ಮಾತು ಸರಿಯಾಗಿತ್ತು. ಸರಿಯಾಗಿದ್ದುದಕ್ಕೇ ಗುರುಲಿಂಗನಿಗೆ ಮೈಯೆಲ್ಲ ಉರಿಯಿತು. “ನನಗ ಕಲಸಾಕ ಬರ್ತಿ?” ಎಂದವನೇ ಪಟ್ಟಾವನ್ನು ತಿರುಗಾಮುರುಗಾ ಹಿಡಿದು ಹಿತ್ತಾಳೆಯ ಬಕಲ್ಲಿನ ತುದಿಯಿಂದ ಬೀಸಿದ. ಬಂಡುವಿನ ಹುಬ್ಬು ಸೀಳಿ ರಕ್ತ ಕಣ್ಣೊಳಗೆ ಇಳಿಯಿತು. ಗುರುಲಿಂಗನ ಕೈ ಮತ್ತೆ ಮೇಲೆದ್ದಿತು.

ಅಷ್ಟರಲ್ಲಿ ಬಿಸಿಲಿಗೆಂದು ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಮುದುಕನೊಬ್ಬ ಓಡಿ ಬಂದು ಹುಡುಗನ ಮೇಲೆ ಕವಿದುಕೊಂಡು ಬಿದ್ದ. ಬೀಸಿದ ಪಟ್ಟಾ ನಿಲ್ಲಲಿಲ್ಲ. ಬಕಲ್ಲು ಮುದುಕನ ಕಿವಿಯನ್ನು ಹರಿದು ಹೆಗಲಿಗೆ ಬಡಿಯಿತು. ಅವನ ಕೈಯಲ್ಲಿದ್ದ ಬುತ್ತಿಯ ಗಂಟು ಬಿಚ್ಚಿ ರೊಟ್ಟಿಗಳು ಮಣ್ಣಿಗೆ ಬಿದ್ದವು.

ಮುದುಕ ಕೂಗಲಿಲ್ಲ. ಎರಡೂ ಕೈ ತಲೆಯ ಮೇಲಿಟ್ಟು, ಮೈ ಮುದುಡಿ, “ಸಾಕ್ರಿ ಸಾಹೇಬ್ರ, ಬಿಡ್ರಿ. ಸಣ್ಣ ಹುಡುಗ ಐತ್ರಿ” ಎಂದ.

ಅದು ಹೊಳೆಪ್ಪ. ಬೆಂಗಳೂರಿಗೆ ಹೊರಟ ಮಗ ಕವಾಯತು ಮಾಡುವುದನ್ನು ಒಮ್ಮೆ ಕಣ್ತುಂಬ ನೋಡಬೇಕೆಂದು ಬಂದಿದ್ದ. ಹೆತ್ತ ಮಗನಿಗೇ ‘ರೀ’ ಎಂದಿದ್ದ. ಆವತ್ತು ಮುಕಾದಮನೆದುರು ಕಂಡ ಅದೇ ಮುದುಡುವಿಕೆ, ಅದೇ ದನಿ. ಗುರುಲಿಂಗನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಜೀಪಿನಲ್ಲಿ ಆಸ್ಪತ್ರೆಗೆ ಹೋಗುವಾಗ ಕ್ಯಾಪ್ಟನ್ನರು ಗುರುಲಿಂಗನಿಗೆ ಮೆಲ್ಲಗೆ ಹೇಳಿದರು: “ನೋಡಪಾ, ಗೋಡೆಯಿಂದ ಬಿದ್ದಾನ, ಅಷ್ಟ. ಪೊಲೀಸ್ ಕೇಸ್ ಆದ್ರ ಸೈನ್ಯದ ಬಾಗಲಾ ನಿನಗ ಮುಚ್ಚಿತು. ನಾವೂ ಹಿಂಗ ಏಟು ತಿಂದ ಗಟ್ಟಿಯಾದವರು. ನಮಗೇನಾತು?”

ತನಗೇನಾಗಿದೆ ಎಂಬುದು ಗುರುಲಿಂಗನಿಗೆ ಈಗಷ್ಟೇ ಕಾಣತೊಡಗಿತ್ತು.

ಸರ್ಕಾರಿ ಆಸ್ಪತ್ರೆಯ ನರ್ಸ್ ಜೈನಬ ಹುಬ್ಬಳ್ಳಿಯವಳು. ಬಂಡುವಿನ ಹುಬ್ಬಿನ ರಕ್ತ ಒರೆಸುತ್ತ, “ಏನಾತೋ ತಮ್ಮಾ?” ಎಂದಳು.

“ಗ್ವಾಡಿಯಿಂದ ಬಿದ್ದೆರಿ.”

“ನಿಮಗೇನಾತ್ರಿ ಕಾಕಾ?”

“ನಾನೂ ಜಾರಿದೆನವ್ವಾ” ಎಂದ ಹೊಳೆಪ್ಪ, ಹರಿದ ಕಿವಿಯನ್ನು ಒತ್ತಿಹಿಡಿದು. “ಏಣಿ ಮ್ಯಾಲಿಂದ.”

ಆ ಬಯಲಿನಲ್ಲಿ ಏಣಿಯೇ ಇರಲಿಲ್ಲ.

ಗುರುಲಿಂಗ ಮುಂದೆ ಬಂದ. “ಸುಳ್ಳರಿ. ಇಬ್ಬರನ್ನೂ ನಾನ ಹೊಡದೇನ್ರಿ, ಪಟ್ಟಾಲೆ.”

“ಏ ಹುಚ್ಚಾ, ಬಾಯಿ ಮುಚ್ಚಲೇ!” ಹೊಳೆಪ್ಪ ಎದ್ದೇ ಬಿಟ್ಟ. “ನಾಳಿ ರೈಲಿಗೆ ಹೋಗಬೇಕಲ್ಲೋ! ಅವಂಗ ತಲಿ ಕೆಟ್ಟೈತಿ, ನೀವು ಕೇಳಬ್ಯಾಡ್ರಿ ತಂಗೀ.”

“ಆವತ್ತ ಮುಕಾದಮ ನಿನಗ ಬಡದದ್ದು ನಾ ನೋಡಿದ್ನೆಪ್ಪಾ. ನೋಡೂ ಸುಮ್ನಿದ್ದೆ.”

ಹೊಳೆಪ್ಪ ಮಗನ ಮುಖವನ್ನೇ ನೋಡುತ್ತ ಮೆಲ್ಲಗೆ ಬೆಂಚಿನ ಮೇಲೆ ಕುಳಿತ. ಕಣ್ಣಲ್ಲಿ ನೀರು ಬಂತು.

“ಪೊಲೀಸರಿಗೆ ತಿಳಸಬೇಕಾಕ್ಕೈತಿ ನೋಡಪಾ” ಎಂದಳು ಜೈನಬ.

“ತಿಳಸ್ರಿ.” ಗುರುಲಿಂಗ ಪಟ್ಟಾ ಬಿಚ್ಚಿ ಮೇಜಿನ ಮೇಲಿಟ್ಟ. ಬಕಲ್ಲಿನ ಸಂದಿಯಲ್ಲಿ ರಕ್ತ ಇನ್ನೂ ಹಸಿಯಾಗಿತ್ತು. ಕ್ಯಾಪ್ಟನ್ನರು ಕಿಟಕಿಯ ಕಡೆ ತಿರುಗಿ ನಿಂತರು, ಬಯಲಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ.

ಜೈನಬ ಬಂಡುವಿನ ಬೆನ್ನಿಗೆ ಅಂಟಿದ್ದ ಅಂಗಿಯನ್ನು ಬಿಡಿಸಿ ಔಷಧಿ ಹಚ್ಚತೊಡಗಿದಳು. ಅವನು ಬಯಲಿನಲ್ಲಿ ಕಲಿತ ಪಾಠದಂತೆ ಕೆಳತುಟಿ ಕಚ್ಚಿಕೊಂಡ. ಉರಿಗೆ ಅವನ ಕುತ್ತಿಗೆಯ ನರಗಳು ಉಬ್ಬಿದವು. ಸದ್ದು ಮಾತ್ರ ಹೊರಡಲಿಲ್ಲ.

ಗುರುಲಿಂಗ ಅವನೆದುರು ನೆಲದ ಮೇಲೆ ಕುಳಿತು ಎರಡೂ ಕೈ ಹಿಡಿದುಕೊಂಡ.

“ಚೀರೋ ಬಂಡು.”

ಬಂಡು ನಂಬಲಿಲ್ಲ. ಹೆದರಿದ ಕಣ್ಣುಗಳಿಂದ ಮೇಜಿನ ಮೇಲಿನ ಪಟ್ಟಾದ ಕಡೆ ನೋಡಿದ.

“ಚೀರಪಾ. ಯಾರೂ ಎಣಸಂಗಿಲ್ಲ.”

ಬಂಡು ಬಾಯಿ ತೆರೆದ. “ಅವ್ವಾ!” ಎಂದು ಅವನು ಚೀರಿದ ಚೀರಿಗೆ ಹೊರಗೆ ಸಾಲಿನಲ್ಲಿ ನಿಂತಿದ್ದವರು ಬಾಗಿಲಿಗೆ ಬಂದರು, ಹೊಳೆಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ, ಕಿಟಕಿಯ ಬಳಿ ನಿಂತಿದ್ದ ಕ್ಯಾಪ್ಟನ್ನರು ಗಕ್ಕನೆ ಹಿಂತಿರುಗಿ ನೋಡಿದರು.